ವಿಷಮುಕ್ತ ಅಡುಗೆಮನೆ

ಜೂನ್ ೧೮

ಪ್ರೀತಿಯ ಅಮ್ಮನಿಗೆ,

ಫೋನಿನಲ್ಲಿ ಮಾತಾಡಿದರೆ ನೀನು ಅರ್ಧ ನನಗೆ, ಅರ್ಧ ಗಿರಾಕಿಗೆ ಉತ್ತರ ಕೊಡುತ್ತೀಯೆ. ಮೊನ್ನೆ ನಾನು ಪರೀಕ್ಷೆಯ ಅಂಕಗಳನ್ನು ಹೇಳಿದ ಕೂಡಲೇ ನೀನು "ಅಷ್ಟಕ್ಕೆಲ್ಲ ಬರಲ್ಲ, ಬೇರೆ ಕಡೆ ನೋಡ್ಕೊಳ್ಳಿ" ಎಂದೆ. ಅದು ಯಾರೋ ಹೂಕೋಸಿನವರಿಗೆ ಹೇಳಿದ್ದು ಎಂದು ಅರ್ಥವಾಗುವಷ್ಟರಲ್ಲಿ ನನ್ನ ಕಣ್ಣು ತುಂಬಿತ್ತು. ಆದ್ದರಿಂದ ಈ ಪತ್ರ. ಅಂಗಡಿ ಮುಚ್ಚಿ, ಕೈ ತೊಳೆದು, ಕುಳಿತು ಓದು.

ಅಂಕಗಳ ವಿಷಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಈ ಸಲವೂ ತರಗತಿಗೆ ನಾನೇ ಮೊದಲು.

ಇನ್ನೊಂದು ವಿಷಯ ದೊಡ್ಡದು. ಇನ್ನು ಮುಂದೆ ನಾನು ಹತ್ತಿರದಲ್ಲಿ ಬೆಳೆದದ್ದನ್ನು, ರಾಸಾಯನಿಕ ಗೊಬ್ಬರವಾಗಲಿ ಕೀಟನಾಶಕವಾಗಲಿ ಹಾಕದೆ ಬೆಳೆದದ್ದನ್ನು ಮಾತ್ರ ತಿನ್ನಬೇಕೆಂದು ತೀರ್ಮಾನಿಸಿದ್ದೇನೆ. ನಾನೊಬ್ಬಳೇ ಅಲ್ಲ, ಈ ಬಾಡಿಗೆ ಮನೆಯಲ್ಲಿ ಒಂದೇ ಒಲೆಯ ಊಟ ಹಂಚಿಕೊಳ್ಳುವ ಹುಡುಗಿಯರೆಲ್ಲರೂ. ಹಣವಿದ್ದವರು ಹೊಳೆಯುವ ಅಂಗಡಿಗಳಲ್ಲಿ, ಹೊಳೆಯುವ ಚೀಲಗಳಲ್ಲಿ ಕೊಳ್ಳುವ ಆಹಾರವನ್ನು ವಿದ್ಯಾರ್ಥಿಗಳೂ ಉಣ್ಣಬಹುದೆಂದು ತೋರಿಸುವುದು ನನ್ನ ಉದ್ದೇಶ. ಅಡುಗೆಮನೆಯಲ್ಲಿ ಸಭೆ ಸೇರಿಸಿ ಮಾತಾಡಿದೆ. ಕಾನೂನು ಓದುವ ನನ್ನ ಕೋಣೆಯ ಗೆಳತಿ (ನಾವೆಲ್ಲ ಅವಳನ್ನು ವಕೀಲೆ ಎಂದೇ ಕರೆಯುವುದು) ಎದ್ದು ನಿಂತು ವಾದ ಹೂಡಿದಳು. "ನೀನು ತತ್ವ ತಿಂದ್ಕೊಂಡೇ ಬದುಕ್ತೀಯ ಕಣೇ. ನಮಗೆ ಹೊಟ್ಟೆ ಇದೆ, ಅದಕ್ಕೆ ಊಟ ಬೇಕು." ಕೊನೆಗೆ ಎರಡು ಷರತ್ತುಗಳ ಮೇಲೆ ಒಪ್ಪಿದರು. ತಿಂಗಳ ಊಟದ ಪಾಲು ಈಗಿರುವುದಕ್ಕಿಂತ ಹೆಚ್ಚಾಗಬಾರದು. ನಾಲ್ಕು ತಿಂಗಳ ಪ್ರಯೋಗ ಮುಗಿಯುವಾಗ ಎಲ್ಲರೂ ಮತ ಹಾಕಬೇಕು; ಸೋತರೆ ನಾನು ಮತ್ತೆ ಈ ಮಾತು ಎತ್ತಬಾರದು. ನಾನು ಸೋಲುವವಳಲ್ಲ ಎಂದು ನಿನಗೆ ಗೊತ್ತು.

ಊರಿನ ಹೊರಗೆ, ಸೈಕಲ್ ತುಳಿದರೆ ತಲುಪುವಷ್ಟು ದೂರದಲ್ಲಿ, ರೈತ ದಂಪತಿ ಸೊಪ್ಪು ತರಕಾರಿ ಬೆಳೆಯುತ್ತಾರೆ. ಭಾನುವಾರ ಬೆಳಿಗ್ಗೆ ನಾವು ಸರದಿಯ ಮೇಲೆ ಹೋಗಿ ಕಳೆ ಕೀಳುತ್ತೇವೆ, ಅವರು ಬೆಲೆ ಇಳಿಸುತ್ತಾರೆ.

ಒಂದು ಮಾತು. ಶನಿವಾರದ ಬಸ್ಸಿಗೆ ನೀನು ಹಾಕುವ ತರಕಾರಿ ಚೀಲವನ್ನು ಇನ್ನು ಕಳುಹಿಸಬೇಡ. ಅದರಲ್ಲಿರುವುದು ಎಲ್ಲಿ ಬೆಳೆದದ್ದೋ, ಅದಕ್ಕೆ ಏನು ಸಿಂಪಡಿಸಿದ್ದಾರೋ ಯಾರಿಗೂ ಗೊತ್ತಿಲ್ಲ. ನಿನಗೂ ಗೊತ್ತಿಲ್ಲವಲ್ಲ.

ನಿನ್ನ ಆರೋಗ್ಯ ನೋಡಿಕೊಳ್ಳುತ್ತೀಯೆಂದು ನಂಬಿರುವ,
ನಿನ್ನ ಮಗಳು


ಜೂನ್ ೨೯

ಮಗಳೇ,

ಕೈ ತೊಳೆದೇ ಓದಿದೆ.

ಮೊದಲು ಬಂದದ್ದಕ್ಕೆ ಸಂತೋಷ. ಪಕ್ಕದ ಈರುಳ್ಳಿ ಅಂಗಡಿಯವನಿಗೂ ಹೇಳಿದೆ. ಅವನು ಎದುರಿನ ಬಾಳೆಹಣ್ಣಿನವಳಿಗೆ ಹೇಳಿದ. ಈಗ ಮಾರುಕಟ್ಟೆಗೆಲ್ಲ ಗೊತ್ತು.

ಚೀಲ ನಿಲ್ಲಿಸಿದ್ದೇನೆ. ಶನಿವಾರ ಸುಮ್ಮನೆ ಬಸ್ಸಿನ ಹತ್ತಿರ ಹೋಗಿ ಹೇಳಿ ಬಂದೆ, ಪಾಪ, ಕಾಯುತ್ತಾನೆಂದು. ಕಂಡಕ್ಟರ್ ಕೇಳಿದ, "ಏನಕ್ಕಾ, ಮಗಳು ಊಟ ಬಿಟ್ಳಾ?" ಇಲ್ಲಪ್ಪ, ಹತ್ತಿರ ಬೆಳೆದದ್ದು ತಿನ್ನುತ್ತಾಳಂತೆ ಎಂದೆ. "ನಾನು ತಂದು ಕೊಟ್ರೆ ಹತ್ರ ಬಂದಂಗೇ ಅಲ್ವಾ?" ಎಂದ. ಅವನಿಗೆ ನಿನ್ನಷ್ಟು ಓದಿಲ್ಲ.

ಈರುಳ್ಳಿಯವನು, "ನಮ್ಮ ರ‍್ಯಾಂಕ್ ಹುಡುಗಿಗೆ ಈಗ ನಮ್ಮ ತರಕಾರಿ ಸೇರಲ್ವಂತಾ?" ಎಂದು ಶುರು ಮಾಡಿದ. ಅವಳ ಹೊಟ್ಟೆ ಅವಳಿಷ್ಟ, ನೀನು ನಿನ್ನ ಈರುಳ್ಳಿ ನೋಡ್ಕೋ, ಮೊಳಕೆ ಬಂದಿದೆ ಎಂದೆ.

ನೀನು ಬರೆದದ್ದು ನಿಜ. ಎಲ್ಲಿಂದ ಬಂದದ್ದೆಂದು ನನಗೂ ಗೊತ್ತಿಲ್ಲ. ಬೆಳಕು ಹರಿಯುವ ಮುಂಚೆ ಲಾರಿ ಬರುತ್ತದೆ, ಇಳಿಸುತ್ತಾರೆ, ಮುಟ್ಟಿ ನೋಡಿ ಕೊಳ್ಳುತ್ತೇನೆ. ಕೇಳಬೇಕೆಂದು ತೋಚಿರಲಿಲ್ಲ.

ಹೊಟ್ಟೆ ತುಂಬ ತಿನ್ನು.

ಅಮ್ಮ


ಜುಲೈ ೩೦

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ಚಿಕ್ಕದಾಯಿತು. ಅಂಗಡಿಯಲ್ಲಿ ಕೆಲಸ ಹೆಚ್ಚಿರಬಹುದು ಎಂದುಕೊಂಡಿದ್ದೇನೆ.

ನನ್ನ ಪ್ರಯೋಗ ಸುಲಭವಾಗಿಲ್ಲ. ಆದರೆ ಸುಲಭವಾದದ್ದನ್ನು ನಾನು ಯಾವಾಗ ಹಿಡಿದಿದ್ದೇನೆ? ಮೊದಲ ತಿಂಗಳು ಪಾಲು ಮೀರಿಹೋಯಿತು. ನಾನು ಯಾರನ್ನೂ ಕೇಳದೆ ನನ್ನ ಸಂಜೆಯ ಚಹಾ, ಬಿಸ್ಕತ್ತು ನಿಲ್ಲಿಸಿ ಸರಿದೂಗಿಸಿದೆ. ಎರಡನೆಯ ತಿಂಗಳಿಗೆ ಬುದ್ಧಿ ಬಂತು. ಪೊಟ್ಟಣದ ತಿಂಡಿಗಳು ಮನೆಯೊಳಗೆ ಬರಬಾರದೆಂದು ನಿಯಮ ಮಾಡಿದೆವು. ಕವಲೊಡೆದ ಕ್ಯಾರೆಟ್, ಬಲಿತ ಬೀನ್ಸ್, ಹುಳು ಒಂದು ತುದಿ ಕೊರೆದ ಬದನೆ, ಹೀಗೆ ಸೊಪ್ಪಿನ ದಂಪತಿ ಮಾರಲಾಗದೆ ಬಿಟ್ಟದ್ದನ್ನೆಲ್ಲ ಅಗ್ಗಕ್ಕೆ ತರುತ್ತೇವೆ. ಟೊಮೇಟೊ ಹೆಚ್ಚಾದಾಗ ಹೆಚ್ಚಿ ಮಾಳಿಗೆಯ ಮೇಲೆ ಒಣಗಿಸುತ್ತೇವೆ. ಕಾಳನ್ನು ಹಿಂದಿನ ದಿನವೇ ನೆನೆಸಿ ಗ್ಯಾಸ್ ಉಳಿಸುತ್ತೇವೆ. ಈ ತಿಂಗಳು ಪಾಲು ಮೀರಿಲ್ಲ.

ಕುಂಬಳಕಾಯಿಯೊಂದು ಮಾತ್ರ ಸಂಕಟಕ್ಕೆ ಬಂದಿದೆ. ಅಲ್ಲಿ ಈಗ ಬಿಡುತ್ತಿರುವುದು ಅದೇ. ಬೇಯಿಸಿದ್ದಾಯಿತು, ಹುರಿದದ್ದಾಯಿತು, ರುಬ್ಬಿದ್ದಾಯಿತು, ಸಿಪ್ಪೆಯನ್ನೂ ಬಿಡಲಿಲ್ಲ. ವಕೀಲೆ ನಿನ್ನೆ ತಟ್ಟೆಯ ಮುಂದೆ ನಿಂತು, "ಈ ಕುಂಬಳಕಾಯಿ ಜೊತೆ ಇನ್ನು ಸಂಸಾರ ಮಾಡೋಕೆ ನನ್ನಿಂದ ಆಗಲ್ಲ, ವಿಚ್ಛೇದನ ಕೊಡ್ಸಿ ಸ್ವಾಮಿ" ಎಂದು ಅರ್ಜಿ ಸಲ್ಲಿಸಿದಳು. ಎಲ್ಲರೂ ನಕ್ಕರು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿದೆ.

ಬಾಗಿಲಿಗೆ ಒಂದು ಬೋರ್ಡು ಬರೆದು ಹಾಕಿದ್ದೇನೆ. ಎಲ್ಲರೂ "ಸಾವಯವ ಅಡುಗೆಮನೆ" ಎಂದು ಬರೆ ಎಂದರು. ನಾನು ಒಪ್ಪಲಿಲ್ಲ. ನಾನು ಓದುತ್ತಿರುವುದೇ ಸಾವಯವ ರಸಾಯನಶಾಸ್ತ್ರ; ಅಲ್ಲಿ ಆ ಪದಕ್ಕೆ ಅರ್ಥವೇ ಬೇರೆ. ಇಂಗಾಲದ ಸಂಯುಕ್ತಗಳೆಲ್ಲ ಸಾವಯವವೇ. ಆ ಲೆಕ್ಕದಲ್ಲಿ ಎಷ್ಟೋ ಕೀಟನಾಶಕಗಳೂ ಸಾವಯವ! ಬಾಯಿಗೆ ಬಂದ ಪದವನ್ನು ಬರೆಯುವವಳು ನಾನಲ್ಲ. ಯೋಚಿಸಿ, ಖಚಿತವಾದ ಪದವನ್ನೇ ಆರಿಸಿದೆ. ಹಸಿರು ಬಣ್ಣದಲ್ಲಿ, ಬೀದಿಯಿಂದಲೇ ಓದಲು ಬರುವಷ್ಟು ದೊಡ್ಡದಾಗಿ: "ವಿಷಮುಕ್ತ ಅಡುಗೆಮನೆ". ಕೆಳಗೆ ಚಿಕ್ಕದಾಗಿ, "ಹೊರಗಿನ ಆಹಾರ ಪದಾರ್ಥಗಳನ್ನು ಒಳಗೆ ತರಬಾರದು". ಅಕ್ಷರಗಳು ಮುದ್ರಿಸಿದಂತೆ ಬಂದಿವೆ.

ದಿನವೂ ಬಂದು ನಮಗೆಲ್ಲ ಬೇಯಿಸಿ ಹಾಕುವ ಅಡುಗೆಯ ಅಕ್ಕ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಕಾಳು ಆರಿಸಲು ಕುಳಿತರು.

ವಿವರವಾಗಿ ಬರೆ ಎಂದು ಕೇಳುವ,
ನಿನ್ನ ಮಗಳು


ಆಗಸ್ಟ್ ೨೭

ಅಮ್ಮ,

ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಈರುಳ್ಳಿಯ ಮಾವ ಎತ್ತಿ "ನಿಮ್ಮಮ್ಮ ಗಿರಾಕಿ ಹತ್ರ ಇದಾರೆ" ಎನ್ನುತ್ತಾರೆ. ಮೂರು ಸಲವೂ ಹಾಗೇ ಎಂದರು. ಇಷ್ಟೊಂದು ಗಿರಾಕಿಗಳಿದ್ದರೆ ನಾವು ಇಷ್ಟರಲ್ಲಿ ಶ್ರೀಮಂತರಾಗಿರಬೇಕಿತ್ತು.

ಕುಂಬಳಕಾಯಿ ಮುಗಿದು ಬೆಂಡೆ ಶುರುವಾಗಿದೆ ಎಂದು ತಿಳಿಸಲು ಬರೆದೆ.

ಮಗಳು


ಸೆಪ್ಟೆಂಬರ್ ೯

ಅಮ್ಮ,

ನಿನ್ನೆ ನೀನು ಈ ಮನೆಯ ಗೇಟಿನವರೆಗೆ ಬಂದು ಹಿಂದಿರುಗಿದೆ. ನಾನು ಪ್ರಯೋಗಾಲಯದಲ್ಲಿದ್ದೆ. ಒಂದು ಮಾತು ಹೇಳಿಕಳುಹಿಸಿದ್ದರೆ ಓಡಿ ಬರುತ್ತಿದ್ದೆ. ನೀನು ಬಂದದ್ದು ನನಗೆ ಗೊತ್ತಾದದ್ದು ಸಂಜೆ, ಅಡುಗೆಯ ಅಕ್ಕನಿಂದ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಸುಳ್ಳಾಗಿದ್ದರೆ ಸುಳ್ಳೆಂದು ತಿಳಿಸು.

"ಯಾರೋ ಬಂದು ಗೇಟ್ ಹತ್ರ ನಿಂತಿದ್ರಮ್ಮ. ಒಂದು ಕಾಲಿನ ಮೇಲೇ ಭಾರ ಹಾಕ್ಕೊಂಡು ನಿಂತಿದ್ರು. ಮುಖ ನೋಡಿದ್ ತಕ್ಷಣ ನಿಮ್ಮಮ್ಮ ಅಂತ ಗೊತ್ತಾಯ್ತು. ಬನ್ನಿ ಒಳಗೆ ಅಂದೆ. 'ಬೇಡಮ್ಮ, ಕೈಯಲ್ಲಿ ಚೀಲ ಇದೆ' ಅಂದ್ರು. ಚೀಲ ಇದ್ರೇನಂತೆ ಅಂದೆ. ಬೋರ್ಡ್ ಕಡೆ ತೋರ್ಸಿದ್ರು. ಚೀಲ ಅಲ್ಲೇ ಇಟ್ಟು ನೀವು ಬನ್ನಿ, ನೀರಾದ್ರೂ ಕುಡೀರಿ ಅಂದೆ. 'ನೀವು ಇದನ್ನ ನಿಮ್ಮನೆಗೆ ತಗೊಂಡು ಹೋಗಿ. ನಿಮ್ಮನೇಲಿ ಬೋರ್ಡ್ ಇಲ್ವಲ್ಲ?' ಅಂತ ಕೇಳಿದ್ರು. ಇಲ್ಲ ಅಂದೆ. ಕೊಟ್ಟು ಹೊರಟೇಬಿಟ್ರು."

ಅಕ್ಕ ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ ಮುಂದುವರಿಸಿದರು. "ಬೀನ್ಸ್ ಎಳೇದಿತ್ತು. ಚೆನ್ನಾಗಿತ್ತು." ತೊಳೆದ ಪಾತ್ರೆಯನ್ನು ಬೋರಲು ಹಾಕಿ, "ಕೇಳ್ಬೇಕು ಕೇಳ್ಬೇಕು ಅನ್ಕೋತಾನೇ ಇದ್ದೆ. ಹೋದ್ ವರ್ಷ ನಿಮಗೆಲ್ಲ ಮಾಡಿ ಬಡಿಸಿದ್ದೂ ನಾನೇ. ಹಾಗಾದ್ರೆ ಅದೇನಾಗಿತ್ತಮ್ಮ?" ಎಂದರು.

"ಅಕ್ಕಾ, ಅದು ಬರೀ ಒಂದು ಪದ" ಎಂದೆ.

"ಪದಾನೇ ಅಲ್ವಾ ಬರ್ದಿರೋದು."

ನಾನು ಬರೆದದ್ದು ಆಹಾರವನ್ನು ಕುರಿತು, ನಿನ್ನನ್ನು ಕುರಿತಲ್ಲ. ಕ್ರಮಬದ್ಧವಾಗಿ ಓದಿದವರಿಗೆ ಅದು ಸ್ಪಷ್ಟವಾಗಿದೆ. ಬೋರ್ಡನ್ನು ನಾನಿನ್ನೂ ತೆಗೆದಿಲ್ಲ. ಯಾರಿಗೋ ನೋವಾಯಿತೆಂಬ ಕಾರಣಕ್ಕೆ ಒಂದು ಮಾತು ತಪ್ಪಾಗುವುದಿಲ್ಲ; ತಪ್ಪಾಗಿದ್ದರೆ ಮಾತ್ರ ತಪ್ಪಾಗುತ್ತದೆ.

ಆದರೆ ನೀನು ನೀರೂ ಕುಡಿಯದೆ ಹೋದೆ. ಒಂದು ಕಾಲಿನ ಮೇಲೆ ಏಕೆ ನಿಂತಿದ್ದೆ?

ಉತ್ತರಕ್ಕೆ ಕಾಯುತ್ತಿರುವ,
ಮಗಳು


ಸೆಪ್ಟೆಂಬರ್ ೨೪

ಮಗಳೇ,

ನಿಮ್ಮ ಅಡುಗೆಯ ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಒಳ್ಳೆಯ ಹೆಂಗಸು. ಬೀನ್ಸ್ ತಿಂದರಲ್ಲ, ಸಂತೋಷ.

ಮೊಣಕಾಲು ತೋರಿಸಲು ಅಲ್ಲಿಯ ವೈದ್ಯರ ಹತ್ತಿರ ಬಂದಿದ್ದೆ. ಹೇಗೂ ಬರುತ್ತೇನಲ್ಲ ಎಂದು ಅಭ್ಯಾಸದಿಂದ ಚೀಲ ತುಂಬಿದೆ. ಅದು ಲಾರಿಯ ಮಾಲೇ. ಸುಳ್ಳು ಹೇಳುವುದಿಲ್ಲ.

ನಾನು ಸಿಟ್ಟು ಮಾಡಿಕೊಂಡು ಹೋದೆನೆಂದು ತಿಳಿಯಬೇಡ. ಸಿಟ್ಟು ಬಂದಿದ್ದರೆ ಗೇಟಿನಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿ ಬರುತ್ತಿದ್ದೆ. ಮಾರುಕಟ್ಟೆಯ ಗಂಟಲು ನನ್ನದು. ನಾಚಿಕೆಯಾಯಿತು. ಚೀಲ ಹಿಡಿದು ಆ ಅಕ್ಷರಗಳ ಕೆಳಗೆ ನಿಲ್ಲಲು ಆಗಲಿಲ್ಲ. ಅಕ್ಷರ ಮಾತ್ರ ದುಂಡಾಗಿವೆ.

ಬಸ್ಸಿನಲ್ಲಿ ಹಿಂದಿರುಗುವಾಗ ಒಂದೇ ಯೋಚನೆ. ನಾವಿಬ್ಬರೇ ಇದ್ದ ಮನೆ. ಒಳ್ಳೆಯದನ್ನೆಲ್ಲ ಮಾರಿ, ಸಂಜೆ ಉಳಿದದ್ದನ್ನು ತಂದು ನಿನಗೆ ಬೇಯಿಸುತ್ತಿದ್ದೆ. ಬಾಡಿದ್ದು, ತುದಿ ಕೊಳೆತದ್ದು. ಕೊಳೆತದ್ದನ್ನು ಕತ್ತರಿಸಿ ತೆಗೆಯಬಹುದು, ಅದು ಕಣ್ಣಿಗೆ ಕಾಣುತ್ತದೆ. ನೀನು ಹೇಳುವುದು ಕಣ್ಣಿಗೆ ಕಾಣದ್ದು. ಅದನ್ನು ನಾನು ಇಷ್ಟು ವರ್ಷ ನಿನ್ನ ತಟ್ಟೆಗೆ ಹಾಕಿದೆನೇ?

ಇದನ್ನು ಚುಚ್ಚಲು ಕೇಳುತ್ತಿಲ್ಲ. ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ನೀನು ಓದಿದವಳು. ಅದರಲ್ಲಿ ಎಷ್ಟಿರುತ್ತದೆ, ಏನು ಮಾಡುತ್ತದೆ, ನಿನಗೇನಾದರೂ ಆಗಿದೆಯೇ, ಸರಿಯಾಗಿ ನೋಡಿ ಬರೆ. ನನ್ನ ಸಮಾಧಾನಕ್ಕೆಂದು ಏನನ್ನೂ ಬರೆಯಬೇಡ. ನನಗೆ ಗೊತ್ತಾಗುತ್ತದೆ.

ಕಾಲಿಗೆ ಎಣ್ಣೆ ಹಚ್ಚುತ್ತಿದ್ದೇನೆ.

ಅಮ್ಮ


ಅಕ್ಟೋಬರ್ ೨೦

ಪ್ರೀತಿಯ ಅಮ್ಮನಿಗೆ,

ನಿನ್ನ ಪ್ರಶ್ನೆಗೆ ಉತ್ತರಿಸಲು ಇಷ್ಟು ದಿನ ಬೇಕಾಯಿತು. ಸಮಾಧಾನದ ಉತ್ತರವಾಗಿದ್ದರೆ ಆ ಸಂಜೆಯೇ ಬರೆದುಬಿಡುತ್ತಿದ್ದೆ. ಗ್ರಂಥಾಲಯದಲ್ಲಿ ಕುಳಿತು ಓದಿದೆ. ನಮ್ಮ ಪ್ರಾಧ್ಯಾಪಕಿಯನ್ನು ಕೇಳಿದೆ. "ಪರೀಕ್ಷೆಗೆ ಬರಲ್ಲ ಇದು" ಎಂದರು. "ಅಮ್ಮ ಕೇಳಿದ್ದಾರೆ" ಎಂದೆ. ಕುರ್ಚಿ ತೋರಿಸಿದರು.

ಸಿಂಪಡಿಸಿದ ಔಷಧದ ಶೇಷ ತರಕಾರಿಯ ಮೇಲೆ ಉಳಿದಿರಬಹುದು, ಇಲ್ಲದಿರಬಹುದು. ಉಳಿದದ್ದರಲ್ಲಿ ಸ್ವಲ್ಪ ಭಾಗ ತೊಳೆದಾಗ, ಸಿಪ್ಪೆ ತೆಗೆದಾಗ, ಬೇಯಿಸಿದಾಗ ಹೋಗುತ್ತದೆ, ಎಲ್ಲವೂ ಹೋಗುವುದಿಲ್ಲ. ನಾನು ತಿಂದದ್ದರಲ್ಲಿ ಎಷ್ಟಿತ್ತೆಂದು ಈಗ ಯಾರಿಂದಲೂ ಹೇಳಲಾಗದು. ನನಗೆ ಯಾವ ಕಾಯಿಲೆಯೂ ಇಲ್ಲ. ಮುಂದೆಂದೂ ಬರುವುದಿಲ್ಲವೆಂದು ಬರೆಯಲಾರೆ. ಅದನ್ನು ಯಾರ ಬಗ್ಗೆಯೂ ಬರೆಯಲಾಗದು. ನೀನು ಆ ತರಕಾರಿ ಬೇಯಿಸದಿದ್ದರೆ ನನಗೆ ತರಕಾರಿಯೇ ಇರುತ್ತಿರಲಿಲ್ಲ. ಆಗ ನನಗೇನಾಗುತ್ತಿತ್ತೆಂಬುದು ಬಹುಮಟ್ಟಿಗೆ ಖಚಿತವಾಗಿ ಗೊತ್ತು. ನಾನು ಬೆಳೆಯುತ್ತಿರಲಿಲ್ಲ.

ಇನ್ನು ಆ ಪದ. ವಿಷವೆಂಬುದು ಒಂದು ವಸ್ತುವಿನ ಹೆಸರಲ್ಲ, ಪ್ರಮಾಣದ ಮಾತು. ಉಪ್ಪೂ ಮಿತಿಮೀರಿದರೆ ವಿಷ. ಇದನ್ನು ನಾನು ಎರಡು ವರ್ಷಗಳ ಹಿಂದೆಯೇ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೇನೆ. ಹೀಗಿರುವಾಗ ಯಾವ ಅಡುಗೆಮನೆಯೂ ತಾನು ವಿಷಮುಕ್ತವೆಂದು ಹೇಳಿಕೊಳ್ಳಲಾರದು. "ಸಾವಯವ" ಎಂಬ ಪದದಲ್ಲಿ ತಪ್ಪು ಹುಡುಕಿ, ಅದಕ್ಕಿಂತ ದೊಡ್ಡ ತಪ್ಪನ್ನು ಹಸಿರು ಬಣ್ಣದಲ್ಲಿ ಬರೆದೆ. ಅದು ಬೇರೆಯವರ ಉತ್ತರಪತ್ರಿಕೆಯಾಗಿದ್ದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ. ಬೋರ್ಡನ್ನು ಇಳಿಸಿದ್ದೇನೆ. ಅಡುಗೆಯ ಅಕ್ಕನಿಗೂ ಇದನ್ನೇ ಹೇಳಿದೆ. "ಅಷ್ಟೆಲ್ಲ ನಂಗೆ ಬೇಡ, ತಪ್ಪಾಯ್ತು ಅನ್ನಿ ಸಾಕು" ಎಂದರು. ಅಂದೆ. ನಿನಗೂ ಅನ್ನುತ್ತೇನೆ.

ಆದರೆ ತೀರ್ಮಾನವನ್ನು ಇಳಿಸಿಲ್ಲ. ಓದುತ್ತ ಹೋದಂತೆ ಅದು ಗಟ್ಟಿಯಾಗಿದೆ. ತಿನ್ನುವ ನನಗಿಂತ ಆ ಔಷಧವನ್ನು ಬೆನ್ನಿಗೆ ಹೊತ್ತು ಸಿಂಪಡಿಸುವವರ ಉಸಿರಿಗೆ ಹೋಗುವುದು ಹೆಚ್ಚು. ಮಣ್ಣಿನ ಮಾತು ಬೇರೆಯೇ ಇದೆ. ಇದಕ್ಕೆಲ್ಲ ಬೋರ್ಡು ಬೇಕಿಲ್ಲ.

ಕಳೆದ ವಾರ ಮತದಾನವಾಯಿತು. ಅಕ್ಕನಿಗೂ ಮತ ಇರಬೇಕೆಂದು ನಾನೇ ಹಟ ಹಿಡಿದೆ. ಅವರು ಎಲ್ಲರೆದುರಿಗೆ ನನ್ನ ವಿರುದ್ಧವೇ ಕೈ ಎತ್ತಿದರು. "ಸೊಪ್ಪಿನಲ್ಲಿ ಮಣ್ಣು, ಕೋಸಿನಲ್ಲಿ ಹುಳ. ನಿಮಗೆ ಒಳ್ಳೇದು, ನನ್ ಸೊಂಟಕ್ಕೆ?" ನಾನು ಆ ಅಂಶವನ್ನು ಯೋಚಿಸಿಯೇ ಇರಲಿಲ್ಲ. ಬಿಡಿಸುವುದು, ತೊಳೆಯುವುದು ಇನ್ನು ಮುಂದೆ ನಮ್ಮದು, ಬೇಯಿಸುವುದು ಮಾತ್ರ ಅವರದು ಎಂದು ಅಲ್ಲೇ ಒಪ್ಪಂದವಾಯಿತು. ಅವರು ಕೈ ಇಳಿಸಿದರು. ನಮ್ಮ ಪರವಾಗಿ ಎತ್ತಲಂತೂ ಇಲ್ಲ. ವಕೀಲೆ ಎದ್ದು, "ಕುಂಬಳಕಾಯಿ ಜೊತೆ ರಾಜಿ ಮಾಡ್ಕೊಂಡಿದೀನಿ, ಕೇಸ್ ವಾಪಸ್" ಎಂದಳು. ಗೆದ್ದೆವು.

ನೀನು ಬಾ ಅಮ್ಮ. ಒಳಗೆ ಬಾ. ಏನನ್ನಾದರೂ ತಂದರೆ ತಾ.

ನಿನ್ನ ಮಗಳು


ನವೆಂಬರ್ ೧೫

ಮಗಳೇ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಈರುಳ್ಳಿಯವನಿಗೆ ಕೇಳಿಸುವಂತೆ ಗಟ್ಟಿಯಾಗಿ. ಉಪ್ಪೂ ವಿಷ ಎನ್ನುವಲ್ಲಿ ಅವನು, "ನಿನ್ ಅಡುಗೆ ತಿಂದೇ ಬರ್ದಿರ್ಬೇಕು" ಎಂದ. ಎಲ್ಲ ಅರ್ಥವಾಯಿತೆಂದು ಹೇಳುವುದಿಲ್ಲ. ಸಮಾಧಾನಕ್ಕೆ ಬರೆದದ್ದಲ್ಲ ಎಂಬುದು ಅರ್ಥವಾಯಿತು. ಅವತ್ತು ನಿದ್ದೆ ಬಂತು.

ಮೊನ್ನೆ ಲಾರಿಯವನನ್ನು ಕೇಳಿದೆ, ಈ ಟೊಮೇಟೊ ಯಾವ ಊರಿನದು, ಯಾರ ಹೊಲದ್ದು, ಏನು ಹಾಕಿ ಬೆಳೆದದ್ದು ಎಂದು. "ಯಾಕಕ್ಕಾ, ಟೊಮೇಟೊಗೆ ಗಂಡು ನೋಡ್ತಿದೀಯಾ? ಕುಲ ಗೋತ್ರ ಎಲ್ಲ ಕೇಳ್ತೀಯಲ್ಲ!" ಎಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಮತ್ತೆ ಕೇಳಿದೆ. ಅವನಿಗೂ ಗೊತ್ತಿಲ್ಲ. ನಾಳೆ ಕೇಳಿ ಹೇಳುತ್ತೇನೆ ಎಂದ. ಹೇಳಿಲ್ಲ. ನಾಳೆಯೂ ಕೇಳುತ್ತೇನೆ.

ಇನ್ನೊಂದು. ಹೊಸ ಗಿರಾಕಿ ಒಬ್ಬಳು ಕನ್ನಡಕ ಏರಿಸಿಕೊಂಡು, "ಇದೆಲ್ಲ ವಿಷಮುಕ್ತ ತಾನೇ?" ಎಂದು ಕೇಳಿದಳು. ಹೌದು ಎಂದಿದ್ದರೆ ಬುಟ್ಟಿ ತುಂಬ ಒಯ್ಯುತ್ತಿದ್ದಳು. "ನಂಗೆ ಗೊತ್ತಿಲ್ಲಮ್ಮ. ನನ್ ಮಗಳು ಇದನ್ನೇ ತಿಂದು ಬೆಳೆದಿದ್ದಾಳೆ. ಈಗ ತಿನ್ನಲ್ಲ. ನೀವು ಯೋಚ್ನೆ ಮಾಡಿ" ಎಂದೆ. ಅವಳು ಯೋಚನೆ ಮಾಡಿ ಎರಡು ನಿಂಬೆಹಣ್ಣು ಕೊಂಡು ಹೋದಳು.

ಈಗ ಕೆಲಸದ ಮಾತು. ಮೊಣಕಾಲಿಗೆ ಎಣ್ಣೆ ಸಾಲದಂತೆ. ನಿಂತು ಮಾರುವುದನ್ನು ಕೆಲವು ವಾರವಾದರೂ ಬಿಡಲೇಬೇಕು, ಇಲ್ಲದಿದ್ದರೆ ನಡೆಯುವುದನ್ನೇ ಬಿಡಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಅಂಗಡಿ ಮುಚ್ಚಿದರೆ ಜಾಗ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ನಿನ್ನ ರಜೆಗೆ ನಿನ್ನನ್ನು ಕೇಳುತ್ತಿದ್ದೇನೆ: ಬಂದು ನಿಲ್ಲುತ್ತೀಯಾ? ಮಾರಬೇಕಾದದ್ದು ಲಾರಿಯ ಮಾಲೇ. ನನ್ನ ಹತ್ತಿರ ಬೇರೆ ಇಲ್ಲ. ತಿನ್ನದ್ದನ್ನು ಮಾರುವುದು ನಿನಗೆ ಕಷ್ಟವೆಂದು ಗೊತ್ತು. ಆಗುವುದಿಲ್ಲವೆಂದರೆ ಆಗುವುದಿಲ್ಲ ಎನ್ನು, ಬಾಳೆಹಣ್ಣಿನವಳ ತಂಗಿಯನ್ನು ಕೇಳುತ್ತೇನೆ. ಬರುವುದಾದರೆ ಗಿರಾಕಿಗಳ ಮುಂದೆ ಮುಖ ಸೊಟ್ಟ ಮಾಡಬಾರದು.

ಕಾಲು ಸರಿಯಾದ ಮೇಲೆ ನಿನ್ನ ಮನೆಗೆ ಬಂದು ಉಣ್ಣುತ್ತೇನೆ. ಮತ್ತೆ ಕುಂಬಳಕಾಯಿಯ ಕಾಲ ಬರುವ ಮುಂಚೆ.

ಅಮ್ಮ


ಡಿಸೆಂಬರ್ ೨

ಪ್ರೀತಿಯ ಅಮ್ಮನಿಗೆ,

ಬಾಳೆಹಣ್ಣಿನವರ ತಂಗಿಯನ್ನು ಕೇಳಬೇಡ. ರಜೆ ಶುರುವಾದ ದಿನವೇ ಹೊರಡುತ್ತೇನೆ. ಲಾರಿ ಬರುವ ಹೊತ್ತಿಗೆ ನಾನೇ ಹೋಗುತ್ತೇನೆ, ನೀನು ಹಾಸಿಗೆ ಬಿಟ್ಟು ಏಳಕೂಡದು. ಮುಟ್ಟಿ ನೋಡಿ ಕೊಳ್ಳುವುದನ್ನು ಮೊದಲ ಸಲ ಈರುಳ್ಳಿಯ ಮಾವ ತೋರಿಸಿಕೊಡಲಿ. ಎರಡನೆಯ ಸಲಕ್ಕೆ ನನಗೆ ಬರುತ್ತದೆ. ನ್ಯಾಯವಾಗಿ ತೂಗುತ್ತೇನೆ. ಮುಖ ಸೊಟ್ಟ ಮಾಡುವುದಿಲ್ಲ. ಆದರೆ ಹೊಗಳಿ ಮಾರುವುದೂ ಇಲ್ಲ. ಯಾರಾದರೂ ಕೇಳಿದರೆ ನೀನು ಹೇಳಿದ್ದನ್ನೇ ಹೇಳುತ್ತೇನೆ, ಅದಕ್ಕಿಂತ ಖಚಿತವಾದ ಉತ್ತರ ನನಗೂ ಹೊಳೆದಿಲ್ಲ. ಲಾರಿಯವರನ್ನು ದಿನವೂ ಕೇಳುತ್ತೇನೆ. ಅವರು ನಕ್ಕು ನಕ್ಕು ಸೋಲುವವರೆಗೆ.

ಊಟದ ವಿಷಯವನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳೋಣ. ನಿನಗೂ ನನಗೂ ಬೇರೆ ಬೇರೆ ಒಲೆ ಹೂಡುವುದು ನನ್ನಿಂದಾಗದು. ನಾನು ಬಂದ ಮೊದಲ ದಿನ ನೀನು ಏನು ಬಡಿಸಿದರೂ ಏನನ್ನೂ ಕೇಳದೆ ಉಣ್ಣುತ್ತೇನೆ.

ಎರಡನೆಯ ದಿನದಿಂದ ಕೇಳುತ್ತೇನೆ.

ನಿನ್ನ ಮಗಳು